ನೆಟ್ಟು ಉಳಿಸಬೇಕಾದ ಬಳಗ: ಬಾಗಲಕೋಟೆಯ ಬಯಲಿನಿಂದ ಸಹ್ಯಾದ್ರಿಯವರೆಗೆ ಶುಂಠಿ ಕುಟುಂಬ

ಹುನಗುಂದ ತಾಲ್ಲೂಕಿನ ಕೂಡಲಸಂಗಮದಲ್ಲಿ ಮಲಪ್ರಭೆ ಕೃಷ್ಣೆಯನ್ನು ಸೇರುತ್ತದೆ. ಕೃಷ್ಣೆ ಹುಟ್ಟಿದ್ದು ಮಹಾಬಳೇಶ್ವರದಲ್ಲಿ, ಮಲಪ್ರಭೆ ಹುಟ್ಟಿದ್ದು ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ. ಸಹ್ಯಾದ್ರಿಯ ಈ ಎರಡೂ ನೆತ್ತಿಗಳು ಶುಂಠಿ ಕುಟುಂಬದ ಕಾಡುಗಿಡಗಳ ನೆಲೆ. ಮೊದಲ ಮಳೆ ಬಿದ್ದ ಕೂಡಲೇ ಅಲ್ಲಿನ ಮಣ್ಣಿನಿಂದ ಕಾಡು ಅರಿಷಿಣದ ಹೂಗೊಂಚಲುಗಳು ಏಳುತ್ತವೆ. ಅಲ್ಲಿಂದ ಇಳಿದು ಬಂದ ನೀರೇ ಬಾಗಲಕೋಟೆ ಜಿಲ್ಲೆಯ ಜಮಖಂಡಿ, ತೇರದಾಳ, ರಬಕವಿ-ಬನಹಟ್ಟಿ ಕಡೆಯ ಅರಿಷಿಣದ ಹೊಲಗಳನ್ನು ತಣಿಸುತ್ತದೆ. ಕಾಡಿನ ಅಣ್ಣತಮ್ಮಂದಿರು ಹೊಳೆಯ ಮೇಲ್ತುದಿಯಲ್ಲಿ, ಊರಿನ ಅಣ್ಣತಮ್ಮಂದಿರು ಕೆಳಗಿನ ಬಯಲಿನಲ್ಲಿ. ಈ ಬಳಗದಲ್ಲಿ ಯಾರು ಯಾರಿದ್ದಾರೆ, ಇಂದು ಯಾವ ಸ್ಥಿತಿಯಲ್ಲಿದ್ದಾರೆ, ಉಳಿಸುವ ಕೆಲಸ ಎಲ್ಲಿಗೆ ಬಂದಿದೆ, ಅದರಲ್ಲಿ ನಮ್ಮ ಜಿಲ್ಲೆಯ ಪಾಲೇನು ಎಂಬುದನ್ನು ಒಟ್ಟಾಗಿ ನೋಡುವುದು ಈ ಲೇಖನದ ಉದ್ದೇಶ.

ವರ್ಷಕ್ಕೆ 600 ಮಿಲಿಮೀಟರ್ ಮಳೆಯನ್ನೂ ಸರಿಯಾಗಿ ಕಾಣದ ಸೀಮೆಗೆ ತೇವದ ಕಾಡಿನ ಗಿಡಗಳ ಗೊಡವೆ ಏಕೆ ಎಂದು ಕೇಳುವವರಿದ್ದಾರೆ. ಉತ್ತರ ನಮ್ಮ ಮನೆಗಳಲ್ಲೇ ಇದೆ. ಇಳಕಲ್ ಸೀರೆ, ಗುಳೇದಗುಡ್ಡದ ಖಣ ಕೊಟ್ಟು ಉಡಿ ತುಂಬುವಾಗ ಅಕ್ಕಿ, ಕೊಬ್ಬರಿ, ಉತ್ತತ್ತಿ, ಅಡಿಕೆಯ ಜತೆ ಅರಿಷಿಣ ಕೊಂಬು ಇರಲೇಬೇಕು. ಮದುವೆ ಎಂದರೆ ಅರಿಷಿಣ ಹಚ್ಚುವ ಶಾಸ್ತ್ರ. ಬೀರಪ್ಪನ ಜಾತ್ರೆ, ಯಲ್ಲಮ್ಮನ ಜಾತ್ರೆ ಎಂದರೆ ಭಂಡಾರ, ಅಂದರೆ ಅರಿಷಿಣದ ಪುಡಿ. ಚಹಾಕ್ಕೆ ಹಸಿಶುಂಠಿ, ಕೆಮ್ಮಿಗೆ ಒಣಶುಂಠಿ, ಹೋಳಿಗೆಯ ಹೂರಣಕ್ಕೆ ಯಾಲಕ್ಕಿ. ಹುಟ್ಟಿನಿಂದ ಮಣ್ಣಾಗುವವರೆಗೆ ನಮ್ಮ ಜತೆಗಿರುವ ಇಂಥ ಸಸ್ಯಕುಟುಂಬ ಇನ್ನೊಂದಿಲ್ಲ.

ಕುಟುಂಬದ ಗುರುತು

ಸಸ್ಯಶಾಸ್ತ್ರಜ್ಞರು ಜಿಂಜಿಬೆರೇಸಿ ಎಂದು ಕರೆಯುವ ಈ ಕುಟುಂಬದಲ್ಲಿ ಐವತ್ತಕ್ಕೂ ಹೆಚ್ಚು ಕುಲಗಳು, 1,600ಕ್ಕೂ ಹೆಚ್ಚು ಪ್ರಭೇದಗಳಿವೆ. ಹೆಚ್ಚಿನವು ದಕ್ಷಿಣ ಮತ್ತು ಆಗ್ನೇಯ ಏಷ್ಯಾದ ಉಷ್ಣವಲಯದವು. ಆಫ್ರಿಕಾ ಮತ್ತು ಅಮೆರಿಕದಲ್ಲೂ ಕೆಲವು ಶಾಖೆಗಳಿವೆ. ಭಾರತದಲ್ಲಿ ಸುಮಾರು 20 ಕುಲಗಳ 200ಕ್ಕೂ ಹೆಚ್ಚು ಪ್ರಭೇದಗಳು ಬೆಳೆಯುತ್ತವೆ. ಈಶಾನ್ಯ ರಾಜ್ಯಗಳು ಅತ್ಯಂತ ಸಮೃದ್ಧ, ನಂತರದ ಸ್ಥಾನ ಪಶ್ಚಿಮ ಘಟ್ಟಗಳದ್ದು.

ಗುರುತಿಸುವುದು ಕಷ್ಟವಲ್ಲ. ನೆಲದೊಳಗೆ ಘಮಲಿನ ಗಡ್ಡೆ ಅಥವಾ ಬೇರುಕಾಂಡ, ಮೇಲೆ ಎಲೆಬುಡಗಳು ಒಂದನ್ನೊಂದು ಸುತ್ತಿಕೊಂಡು ಕಾಂಡದಂತೆ ಕಾಣುವ ಹುಸಿಕಾಂಡ. ಹೂವಿನ ರಚನೆ ಇನ್ನೂ ವಿಶಿಷ್ಟ. ಪರಾಗ ಕೊಡುವ ಕೇಸರ ಒಂದೇ ಒಂದು. ಉಳಿದ ಕೇಸರಗಳಲ್ಲಿ ಎರಡು ಕೂಡಿಕೊಂಡು ಅಗಲವಾದ ತುಟಿಯ ರೂಪ ತಾಳಿವೆ. ನಾವು ಎಸಳೆಂದು ಮೆಚ್ಚುವ ಬಣ್ಣದ ಭಾಗ ಬಹುಪಾಲು ಆ ತುಟಿಯೇ. ಜೇನು ಬಂದು ಕೂರುವುದು ಅದರ ಮೇಲೆ.

ಮನೆಯಂಗಳದಲ್ಲಿ ಸಕ್ಕರೆ ಕಾಯಿಲೆಗೆಂದು ನೆಡುವ ಇನ್ಸುಲಿನ್ ಗಿಡ ಈ ಕುಟುಂಬದ್ದಲ್ಲ. ಅದು ಕಾಸ್ಟೇಸಿ ಎಂಬ ನೆರೆಯ ಕುಟುಂಬದ, ಬ್ರೆಜಿಲ್ ಮೂಲದ ಸಸ್ಯ. ಬಾಳೆ, ಕಾಬಾಳೆ ಕೂಡ ದೂರದ ನೆಂಟರು. ಕುಟುಂಬದೊಳಗಿನವರೆಂದರೆ ಶುಂಠಿ, ಅರಿಷಿಣ, ಯಾಲಕ್ಕಿ, ಮಾವಿನ ಶುಂಠಿ, ಕಸ್ತೂರಿ ಅರಿಷಿಣ, ಕಚೋರ, ನೆಲಸಂಪಿಗೆ, ಸುರುಳಿ ಸುಗಂಧಿ, ದೊಡ್ಡ ಏಲಕ್ಕಿ ಮತ್ತು ಹೆಸರು ಕೇಳಿರದ ಕಾಡಿನ ನೂರಾರು ಬಂಧುಗಳು.

ಐಹೊಳೆಯ ವ್ಯಾಪಾರಿಗಳ ಸರಕು

ಈ ಬಳಗ ಬಯಲಿಗೆ ಹೊಸದಲ್ಲ. ಮಲಪ್ರಭೆಯ ದಂಡೆಯ ಐಹೊಳೆಯ ಹೆಸರು ಹೊತ್ತ ಅಯ್ಯಾವೊಳೆ ಐನೂರ್ವರು ದಕ್ಷಿಣ ಭಾರತದುದ್ದಕ್ಕೂ ವ್ಯಾಪಾರ ನಡೆಸಿದ ವರ್ತಕ ಸಂಘದವರು. ಶಿಕಾರಿಪುರದ ಶಾಸನವೊಂದು ಅವರ ಸರಕುಗಳನ್ನು ಪಟ್ಟಿಮಾಡುವಾಗ ಆನೆ, ಕುದುರೆ, ರತ್ನ, ಕರ್ಪೂರ, ಕಸ್ತೂರಿಗಳ ಸಾಲಿನಲ್ಲಿ ಏಲಕ್ಕಿಯನ್ನೂ ಹೇಳುತ್ತದೆ. 12ನೇ ಶತಮಾನದಲ್ಲಿ ಕಲ್ಯಾಣ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ರಚಿಸಿದ 'ಮಾನಸೋಲ್ಲಾಸ'ದ ಅಡುಗೆ ಪ್ರಕರಣದಲ್ಲಿ ಶುಂಠಿ, ಅರಿಷಿಣ, ಏಲಕ್ಕಿ ಮೂರೂ ಬರುತ್ತವೆ. ಮಲೆನಾಡಿನ ಏಲಕ್ಕಿಯನ್ನು ಹಾವೇರಿಗೆ ತಂದು ಅಂಟುವಾಳದ ನೀರಿನಲ್ಲಿ ತೊಳೆದು ಬಿಳುಪು ಮಾಡುವ ಕಸುಬು ಬಹುಕಾಲ ನಡೆದಿತ್ತು. ಹಾವೇರಿಯ ಏಲಕ್ಕಿ ಹಾರ ಇಂದಿಗೂ ಸನ್ಮಾನಗಳಲ್ಲಿ ಕೊರಳಿಗೆ ಬೀಳುತ್ತದೆ. ಬೆಳೆಯುವವರು ಘಟ್ಟದವರು, ಹಸನು ಮಾಡಿ ಸಾಗಿಸುವವರು ಬಯಲಿನವರು ಎಂಬ ಈ ಸಂಬಂಧಕ್ಕೆ ಸಾವಿರ ವರ್ಷದ ಹಿನ್ನೆಲೆಯಿದೆ.

ಬಯಲಿನ ಅರಿಷಿಣ

ನೀರಾವರಿ ಬಂದ ಮೇಲೆ ಬಯಲಿನವರೂ ಬೆಳೆಗಾರರಾದರು. ಕೃಷ್ಣಾ ಮತ್ತು ಘಟಪ್ರಭಾ ದಂಡೆಯ ಜಮಖಂಡಿ, ಮುಧೋಳ, ಮಹಾಲಿಂಗಪುರ, ತೇರದಾಳ ಸೀಮೆಗಳಲ್ಲಿ ಕಬ್ಬಿನ ಪಕ್ಕದಲ್ಲಿ ಅರಿಷಿಣ ನಿಂತಿದೆ. ಮೇ-ಜೂನ್‌ನಲ್ಲಿ ನಾಟಿ, ಎಂಟೊಂಬತ್ತು ತಿಂಗಳ ಬೆಳೆ, ಎಲೆ ಒಣಗಿದ ಮೇಲೆ ಕಿತ್ತು, ಕುದಿಸಿ, ಬಿಸಿಲಿಗೆ ಹರವಿ, ಡ್ರಮ್ಮಿನಲ್ಲಿ ತಿರುಗಿಸಿ ಹೊಳಪು ಕೊಡುವುದು. ಹಸಿ ಗಡ್ಡೆಯ ತೂಕದಲ್ಲಿ ಸುಮಾರು ಐದನೇ ಒಂದು ಪಾಲು ಮಾತ್ರ ಒಣ ಅರಿಷಿಣವಾಗಿ ಕೈಗೆ ಸಿಗುತ್ತದೆ. ಮಾಲಿನ ದೊಡ್ಡ ಪಾಲು ಗಡಿಯಾಚೆಯ ಸಾಂಗ್ಲಿ ಪೇಟೆಗೆ ಹೋಗುತ್ತದೆ. ಸಾಂಗ್ಲಿಯ ಅರಿಷಿಣಕ್ಕೆ 2018ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು.

ಹೊಲದಲ್ಲಿ ಏನಿದೆ ಎಂದು ನೋಡಿದರೆ ಹೆಚ್ಚಿನ ಕಡೆ ಸೇಲಂ ತಳಿ. ಇಳುವರಿ ಚೆನ್ನಾಗಿದೆ, ಪೇಟೆಗೆ ಒಪ್ಪುತ್ತದೆ, ಹಾಗಾಗಿ ರೈತರು ಅದನ್ನೇ ನೆಚ್ಚಿದ್ದಾರೆ. ಅದರ ಸುತ್ತಮುತ್ತ ರಾಜಾಪುರಿ, ಕಡಪಾ ಮುಂತಾದ ಹಳೆಯ ತಳಿಗಳಿದ್ದವು. ಸಾಂಗ್ಲಿ ಪಕ್ಕದ ಕಸಬೆ ಡಿಗ್ರಜ್ ಸಂಶೋಧನಾ ಕೇಂದ್ರದ ಕೃಷ್ಣಾ ತಳಿ ಇದೆ. ಕೋಯಿಕ್ಕೋಡಿನ ಭಾರತೀಯ ಸಾಂಬಾರ ಬೆಳೆಗಳ ಸಂಶೋಧನಾ ಸಂಸ್ಥೆಯ ಪ್ರತಿಭಾ, ಪ್ರಗತಿ ಇವೆ. ಒಂದೊಂದರ ಗುಣ ಒಂದೊಂದು. ಹಳದಿ ಬಣ್ಣಕ್ಕೂ ಔಷಧಗುಣಕ್ಕೂ ಕಾರಣವಾದ ಕರ್ಕ್ಯುಮಿನ್ ಸಾಮಾನ್ಯವಾಗಿ ಶೇ 2ರಿಂದ 7ರವರೆಗೆ ಏರಿಳಿಯುತ್ತದೆ. ಕೆಲವಕ್ಕೆ ಎಲೆಚುಕ್ಕಿ ರೋಗ ತಡೆಯುವ ಶಕ್ತಿ ಹೆಚ್ಚು, ಕೆಲವು ಬೇಗ ಕೊಯ್ಲಿಗೆ ಬರುತ್ತವೆ. ಸೀಮೆಯಿಡೀ ಒಂದೇ ತಳಿ ಹರಡಿದಾಗ ಈ ಆಯ್ಕೆಗಳೆಲ್ಲ ಒಂದೊಂದಾಗಿ ಕೈಬಿಟ್ಟು ಹೋಗುತ್ತವೆ.

ಉತ್ತರಕ್ಕೆ ಹೋದರೆ ಬೀದರ್ ಜಿಲ್ಲೆಯಲ್ಲಿ ಹಸಿಶುಂಠಿಯ ಹಳೆಯ ಬೇಸಾಯವಿದೆ. ಹುಮನಾಬಾದ್ ಹೆಸರಿನ ಸ್ಥಳೀಯ ತಳಿಯೇ ಇದೆ. ದಕ್ಷಿಣದ ಹಾಸನ, ಕೊಡಗು, ಮೈಸೂರು, ಶಿವಮೊಗ್ಗಗಳಲ್ಲಿ ಹಿಮಾಚಲ, ರಿಗೋಡಿ ತಳಿಗಳು ಗುತ್ತಿಗೆ ಭೂಮಿಯಲ್ಲಿ ಹಬ್ಬಿವೆ. ಅಲ್ಲೂ ಕಥೆ ಅದೇ: ಬೆಲೆ ಬಂದ ವರ್ಷ ಒಂದೇ ತಳಿ ಎಲ್ಲೆಡೆ, ರೋಗ ಬಂದ ವರ್ಷ ಎಲ್ಲೆಡೆಯೂ ರೋಗ.

ಬೀಜ ಕಟ್ಟದ ಬೆಳೆ

ಈ ಬೆಳೆಗಳ ಸಂರಕ್ಷಣೆ ಏಕೆ ಬೇರೆಯದೇ ಪ್ರಶ್ನೆ ಎಂಬುದು ತಿಳಿಯಬೇಕಾದರೆ ಅವು ಸಂತಾನ ಮುಂದುವರಿಸುವ ಬಗೆಯನ್ನು ನೋಡಬೇಕು. ಅರಿಷಿಣದ ಜೀವಕೋಶದಲ್ಲಿ 63 ವರ್ಣತಂತುಗಳಿವೆ, ಅಂದರೆ 21ರ ಮೂರು ಗುಂಪು. ಬೀಜಕ್ಕಾಗಿ ಈ ಮೂರನ್ನು ಸಮನಾಗಿ ಇಬ್ಭಾಗ ಮಾಡಲು ಗಿಡಕ್ಕೆ ಆಗುವುದಿಲ್ಲ. ಹೀಗಾಗಿ ಹೂ ಬಿಟ್ಟರೂ ಬೀಜ ಕಟ್ಟುವುದು ಅಪರೂಪ. ಶುಂಠಿಯೂ ಬೀಜ ಕೊಡುವುದಿಲ್ಲ. ಅದರ ಕಾಡುರೂಪ ಎಲ್ಲೂ ಕಂಡುಬಂದಿಲ್ಲ. ಎರಡೂ ಬೆಳೆಗಳು ಇಂದಿನವರೆಗೆ ಉಳಿದಿರುವುದು ಯಾರೋ ಒಬ್ಬರು ಪ್ರತಿವರ್ಷ ಗಡ್ಡೆ ತೆಗೆದಿಟ್ಟು ಮರುವರ್ಷ ನೆಟ್ಟದ್ದರಿಂದ.

ಇದರ ಪರಿಣಾಮ ದೊಡ್ಡದು. ಜೋಳದ ತಳಿಯೊಂದರ ಬೀಜವನ್ನು ಒಣಗಿಸಿ ಶೀತಗೃಹದಲ್ಲಿಟ್ಟರೆ ದಶಕಗಳ ನಂತರವೂ ಬಿತ್ತಬಹುದು. ಅರಿಷಿಣದ ತಳಿಗೆ ಆ ಅನುಕೂಲವಿಲ್ಲ. ಒಂದು ಊರಿನವರು ಒಂದೇ ಒಂದು ವರ್ಷ ನೆಡುವುದನ್ನು ಬಿಟ್ಟರೆ ಆ ಊರಿನ ತಳಿ ಮುಗಿಯಿತು. ಗಡ್ಡೆಯೊಂದಿಗೆ ರೋಗವೂ ದಾಟಿಬರುತ್ತದೆ. ಶುಂಠಿಯ ಗಡ್ಡೆಕೊಳೆ, ಬ್ಯಾಕ್ಟೀರಿಯಾ ಸೊರಗು ಒಂದು ಜಿಲ್ಲೆಯಿಂದ ಇನ್ನೊಂದಕ್ಕೆ ಹೋಗುವ ಮುಖ್ಯ ದಾರಿಗಳಲ್ಲಿ ಬಿತ್ತನೆ ಗಡ್ಡೆಯ ಲಾರಿಯೂ ಒಂದು.

ಹಾಗಿದ್ದರೂ ಅರಿಷಿಣದಲ್ಲಿ ಅಪರೂಪಕ್ಕೆ ಬೀಜ ಕಟ್ಟಿದಾಗ ಸಿಗುವ ಲಾಭ ಅಪಾರ. ಮೇಲೆ ಹೇಳಿದ ಪ್ರತಿಭಾ ಮತ್ತು ಅದರ ಜತೆಯ ಪ್ರಭಾ ತಳಿಗಳು ಹಾಗೆ ಸಹಜವಾಗಿ ಕಟ್ಟಿದ ಬೀಜದ ಸಸಿಗಳಿಂದ ಆರಿಸಿದವು. ಹತ್ತಾರು ಬಗೆಯ ಗಿಡಗಳು ಒಟ್ಟಿಗೆ ಇದ್ದಲ್ಲಿ ಮಾತ್ರ ಇಂಥದ್ದು ನಡೆಯಲು ಅವಕಾಶ.

ಏಲಕ್ಕಿಯ ಅನುಭವ ಇದನ್ನೇ ಇನ್ನೊಂದು ಬಗೆಯಲ್ಲಿ ಹೇಳುತ್ತದೆ. ಮಲೆನಾಡಿನ ಏಲಕ್ಕಿ ತೋಟಗಳನ್ನು ಕಟ್ಟೆ ರೋಗ ಎಂಬ ವೈರಸ್ ಕಾಯಿಲೆ ತಲೆಮಾರುಗಳ ಕಾಲ ಕಾಡಿತು. ಪರಿಹಾರ ಹೊರದೇಶದಿಂದ ಬರಲಿಲ್ಲ. ರೋಗ ಬಡಿದ ಹಳೆಯ ತೋಟಗಳಲ್ಲೇ ಅಲ್ಲೊಂದು ಇಲ್ಲೊಂದು ಹಸಿರಾಗಿ ಉಳಿದ ಬುಡಗಳನ್ನು ವಿಜ್ಞಾನಿಗಳು ಹುಡುಕಿ ತಂದು, ಮಡಿಕೇರಿ ಬಳಿಯ ಅಪ್ಪಂಗಳ ಕೇಂದ್ರದಲ್ಲಿ ಬೆಳೆಸಿ ಪರೀಕ್ಷಿಸಿದರು. ಹಾಗೆ ಬಂದದ್ದು ಕಟ್ಟೆ ರೋಗ ತಡೆಯುವ ವಿಜೇತ ತಳಿ. ಯಾರದೋ ತೋಟದ ಮೂಲೆಯಲ್ಲಿ ಕಡೆಗಣಿಸಿದ ಬುಡವೊಂದು ಇಡೀ ಬೆಳೆಗೆ ಜೀವ ಕೊಟ್ಟಿತು. ವೈವಿಧ್ಯ ಉಳಿಸಬೇಕು ಎಂಬ ಮಾತಿಗೆ ಇದಕ್ಕಿಂತ ಗಟ್ಟಿಯಾದ ಸಾಕ್ಷಿ ಬೇಕಿಲ್ಲ.

ಹೊಳೆಯ ಮೇಲ್ತುದಿಯ ಬಂಧುಗಳು

ಬಯಲಿನಿಂದ ಪಶ್ಚಿಮಕ್ಕೆ ಹೋದಂತೆ ಮಳೆ ಏರುತ್ತದೆ. ಬಾದಾಮಿಯ ಮಳೆಗೆ ಹೋಲಿಸಿದರೆ ಕಣಕುಂಬಿಯಲ್ಲಿ ಅದರ ಹಲವು ಪಟ್ಟು ಸುರಿಯುತ್ತದೆ. ಖಾನಾಪುರ ತಾಲ್ಲೂಕಿನ ಕಾಡಿನ ಒಂದು ಭಾಗ 2011ರಲ್ಲಿ ಭೀಮಗಡ ವನ್ಯಜೀವಿಧಾಮವಾಯಿತು. ಇಲ್ಲಿಂದ ಕೊಡಗಿನವರೆಗಿನ ಸಹ್ಯಾದ್ರಿಯ ಸಾಲಿನಲ್ಲಿ ಕಾಡುಶುಂಠಿ, ಕಾಡು ಅರಿಷಿಣಗಳ ಹಲವು ಪ್ರಭೇದಗಳಿವೆ. ಜಿಂಜಿಬರ್ ನಿಮ್ಮೋನಿ, ಜಿಂಜಿಬರ್ ನೀಸಾನಮ್, ಕುರ್ಕುಮಾ ಸ್ಯೂಡೊಮೊಂಟಾನಾ ಮುಂತಾದವು ವರ್ಷದ ಬಹುಪಾಲು ನೆಲದೊಳಗೆ ಗಡ್ಡೆಯಾಗಿ ಮಲಗಿದ್ದು ಮಳೆಗಾಲದ ಕೆಲವೇ ತಿಂಗಳು ಮೇಲೆ ಬರುತ್ತವೆ. ಬೇಸಿಗೆಯಲ್ಲಿ ಅಲ್ಲಿ ನಡೆದು ಹೋದವರಿಗೆ ಇವು ಇದ್ದ ಸುಳಿವೇ ಸಿಗುವುದಿಲ್ಲ. ಅವುಗಳಿಗೆ ಒದಗಿದ ದೊಡ್ಡ ಅಪಾಯವೂ ಇದೇ: ಕಾಣದ ಗಿಡದ ಮೇಲೆ ರಸ್ತೆ ಹಾಯುತ್ತದೆ, ಕಲ್ಲುಕ್ವಾರಿ ಏಳುತ್ತದೆ.

ಕೃಷ್ಣೆ ಹುಟ್ಟುವ ಮಹಾಬಳೇಶ್ವರದ ಎತ್ತರದ ಹಾಸುಗಳಲ್ಲಿ ಕುರ್ಕುಮಾ ಕಾಲಿನಾ ಎಂಬ ಅರಿಷಿಣದ ಬಂಧುವಿದೆ. ಮರಾಠಿಗರು ಚವರ್ ಎನ್ನುತ್ತಾರೆ. ಇದರ ಗಡ್ಡೆಯಿಂದ ಹಿಂದೆ ಆರಾರೂಟಿನಂಥ ಹಿಟ್ಟು ತೆಗೆಯುತ್ತಿದ್ದರು. ಉತ್ತರ ಸಹ್ಯಾದ್ರಿ ಬಿಟ್ಟರೆ ಜಗತ್ತಿನ ಬೇರೆಲ್ಲೂ ಇಲ್ಲದ ಗಿಡವಿದು.

ಕರ್ನಾಟಕದ್ದೇ ಆದ ಪ್ರಭೇದಗಳೂ ಇವೆ. ಉಡುಪಿ ಸೀಮೆಯ ಬಂಡೆಹಾಸುಗಳಲ್ಲಿ ಬೆಳೆಯುವ ಪುಟ್ಟ ಗಿಡವೊಂದನ್ನು 1977ರಲ್ಲಿ ಸಸ್ಯವಿಜ್ಞಾನಿ ರೋಸ್‌ಮೇರಿ ಸ್ಮಿತ್ ವಿವರಿಸಿ, ಅದಕ್ಕೆ ಉಡುಪಿಯ ಸಸ್ಯಶಾಸ್ತ್ರಜ್ಞ ಕೆ. ಗೋಪಾಲಕೃಷ್ಣ ಭಟ್ಟರ ಹೆಸರಿಟ್ಟರು. ಇಂದು ಅದು ಕುರ್ಕುಮಾ ಭಟ್ಟಿ. ಕುರ್ಕುಮಾ ಕುಡಗೆನ್ಸಿಸ್, ಕುರ್ಕುಮಾ ತಲಕಾವೇರಿಯೆನ್ಸಿಸ್, ಕುರ್ಕುಮಾ ಕರ್ನಾಟಕೆನ್ಸಿಸ್ ಎಂಬ ಹೆಸರುಗಳೂ 1990ರ ಆಸುಪಾಸಿನಲ್ಲಿ ಸಸ್ಯಶಾಸ್ತ್ರದ ಪಟ್ಟಿ ಸೇರಿದವು. ದಕ್ಷಿಣ ಭಾರತದ ಈ ಇಡೀ ಕುಟುಂಬವನ್ನು ಕ್ಯಾಲಿಕಟ್ ವಿಶ್ವವಿದ್ಯಾಲಯದ ಎಂ. ಸಾಬು ಅವರು 2006ರಲ್ಲಿ ಒಂದು ಸಮಗ್ರ ಗ್ರಂಥದಲ್ಲಿ ದಾಖಲಿಸಿದರು. ಆ ವಿಶ್ವವಿದ್ಯಾಲಯದ ಸಸ್ಯೋದ್ಯಾನದಲ್ಲಿ ಶುಂಠಿ ಕುಟುಂಬದ ಜೀವಂತ ಸಂಗ್ರಹವಿದೆ.

ಹುಡುಕಾಟ ಇನ್ನೂ ಮುಗಿದಿಲ್ಲ. ನಮ್ಮ ಯಾಲಕ್ಕಿಗೆ ಅದೇ ಕುಲದ ಹತ್ತಿರದ ಬಂಧುಗಳು ಆರಿದ್ದಾರೆ ಎಂದು ಸಂಶೋಧಕರು ಇತ್ತೀಚೆಗಷ್ಟೇ ತೋರಿಸಿದ್ದಾರೆ. ಅವುಗಳಲ್ಲಿ ಎರಡು ಕೇರಳದ ಘಟ್ಟಗಳ ಹೊಚ್ಚ ಹೊಸ ಪ್ರಭೇದಗಳು. ಜಗತ್ತಿನಲ್ಲೇ ಅತಿ ಹೆಚ್ಚು ಏಲಕ್ಕಿ ಬೆಳೆಯುವ ದೇಶ ಇಂದು ಗ್ವಾಟೆಮಾಲಾ ಆಗಿದ್ದರೂ ಏಲಕ್ಕಿಯ ತವರು ನಮ್ಮ ಘಟ್ಟ. ಹವೆ ಬದಲಾದಾಗ, ಹೊಸ ರೋಗ ಬಂದಾಗ ಬೇಕಾಗುವ ಗುಣಗಳನ್ನು ಹುಡುಕಲು ಎಲ್ಲರೂ ಬರಬೇಕಾದದ್ದು ಇಲ್ಲಿಗೇ.

ಕುತ್ತುಗಳು

ಕಾಡಿನ ಪ್ರಭೇದಗಳಿಗೆ ನೆಲೆ ಕಳೆದುಕೊಳ್ಳುವ ಭಯ ಮೊದಲನೆಯದು. ಜಂಬಿಟ್ಟಿಗೆಯ ಹಾಸುಗಳನ್ನು ಸರ್ಕಾರಿ ಕಡತಗಳು ಪಾಳುಭೂಮಿ ಎಂದು ಬರೆಯುತ್ತವೆ. ಗಣಿ, ಕ್ವಾರಿ, ವಿಹಾರಧಾಮಗಳು ಮೊದಲು ಏಳುವುದು ಅಲ್ಲೇ. ಮಲಪ್ರಭೆಯ ನೀರಿಗಾಗಿ ಬಾದಾಮಿ, ನರಗುಂದ, ನವಲಗುಂದದ ರೈತರು ನಡೆಸಿದ ಹೋರಾಟದ ನ್ಯಾಯವನ್ನು ಅಲ್ಲಗಳೆಯುವಂತಿಲ್ಲ. ಆದರೆ ಆ ನೀರನ್ನು ಹಿಡಿದಿಟ್ಟು ಮೆಲ್ಲಗೆ ಹೊಳೆಗೆ ಬಿಡುವುದು ಖಾನಾಪುರದ ಕಾಡು. ಅದು ಬೋಳಾದರೆ ಯಾವ ಕಾಲುವೆಯೂ ಬಯಲಿನ ದಾಹ ತೀರಿಸಲಾರದು. ಕಾಡುಶುಂಠಿಯ ಹಿತವೂ ಬಾದಾಮಿಯ ರೈತರ ಹಿತವೂ ಇಲ್ಲಿ ಒಂದೇ.

ಎರಡನೆಯದು ಬೇರು ಕೀಳುವ ವ್ಯಾಪಾರ. ಎಲೆ, ಹಣ್ಣು ಕಿತ್ತರೆ ಗಿಡ ಉಳಿಯುತ್ತದೆ. ಗಡ್ಡೆ ಅಗೆದರೆ ಗಿಡವೇ ಹೋಗುತ್ತದೆ. ದಕ್ಷಿಣ ಆಫ್ರಿಕಾದ ಅನುಭವ ಎಚ್ಚರಿಕೆಯಾಗಬೇಕು. ಅಲ್ಲಿನ ನಾಟಿವೈದ್ಯದಲ್ಲಿ ಬಹಳ ಬೇಡಿಕೆಯಿದ್ದ ಕಾಡುಶುಂಠಿ, ಸೈಫೊನೊಕೈಲಸ್ ಈಥಿಯೋಪಿಕಸ್, ಪೇಟೆಗಾಗಿ ಅಗೆದು ಅಗೆದು ಹಲವೆಡೆ ಕಾಡಿನಿಂದಲೇ ಮರೆಯಾಯಿತು. ನಮ್ಮಲ್ಲಿ ಕಪ್ಪು ಅರಿಷಿಣಕ್ಕೆ ಹುಟ್ಟಿಕೊಂಡಿರುವ ಹುಚ್ಚು ಬೇಡಿಕೆ ಅದೇ ಹಾದಿಯದು. ಔಷಧದ ಅಂಗಡಿಗಳಲ್ಲಿ ಕಸ್ತೂರಿ ಅರಿಷಿಣದ ಹೆಸರಿನಲ್ಲಿ ಗಾಢ ಹಳದಿಯ ಬೇರೆ ಗಡ್ಡೆಗಳು ಮಾರಾಟವಾಗುವುದೂ ಇದೆ. ನಿಜವಾದ ಕಸ್ತೂರಿ ಅರಿಷಿಣದ ಒಳಭಾಗ ಕೆನೆಬಣ್ಣ, ವಾಸನೆ ಕರ್ಪೂರದ್ದು. ಗುರುತು ತಪ್ಪಿದಾಗ ಕೊಳ್ಳುವವರಿಗೆ ಮೋಸ, ಗಿಡದ ಲೆಕ್ಕವೂ ಹುಸಿ.

ಮೂರನೆಯದು ಬಯಲಿನದೇ: ತಳಿಯ ಬಡತನ ಮತ್ತು ನೆರೆ. 2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಉಕ್ಕಿ ಬಾಗಲಕೋಟೆಯ ಹೊಲಗಳನ್ನು ಮುಳುಗಿಸಿದವು. ಅರಿಷಿಣದ ಗಡ್ಡೆ ನಿಂತ ನೀರನ್ನು ತಡೆಯದು. ಬಿತ್ತನೆಗೆ ಕಾದಿಟ್ಟ ತಳಿ ಒಂದೇ ಊರಿನಲ್ಲಿದ್ದರೆ ಒಂದೇ ನೆರೆಗೆ ಅದು ಪೂರಾ ಹೋಗಬಹುದು.

ಉಳಿಸುವ ಉತ್ಸಾಹದಲ್ಲೂ ಎಚ್ಚರ ಬೇಕು. ಹಿಮಾಲಯದ ತಪ್ಪಲಿನ ಸುರುಳಿ ಸುಗಂಧಿಯನ್ನು ಹೂವಿಗೆಂದು ಒಯ್ದ ಬ್ರೆಜಿಲ್, ಹವಾಯಿಗಳಲ್ಲಿ ಅದು ಇಂದು ತೊರೆಗಳ ದಂಡೆಯನ್ನೆಲ್ಲ ಆಕ್ರಮಿಸಿದ ಕಳೆ. ಒಂದು ಸೀಮೆಯ ಗಿಡವನ್ನು ಇನ್ನೊಂದು ಸೀಮೆಯ ಕಾಡಿಗೆ ತಂದು ನೆಡುವುದು ಸಂರಕ್ಷಣೆಯಾಗದು.

ಆಗಿರುವ ಕೆಲಸ

ಸಂಸ್ಥೆಗಳ ಮಟ್ಟದಲ್ಲಿ ತಳಪಾಯ ಬಿದ್ದಿದೆ. 1975ರಲ್ಲಿ ಪ್ರಾದೇಶಿಕ ಕೇಂದ್ರವಾಗಿ ಶುರುವಾದ ಕೋಯಿಕ್ಕೋಡಿನ ಸಂಸ್ಥೆಯಲ್ಲಿ ಶುಂಠಿ, ಅರಿಷಿಣಗಳ ನೂರಾರು ತಳಿಗಳನ್ನು ಪ್ರತಿವರ್ಷ ನೆಟ್ಟು ಕಾಯುತ್ತಾರೆ. ಅಪ್ಪಂಗಳದಲ್ಲಿ ಏಲಕ್ಕಿಯ ಸಂಗ್ರಹವಿದೆ. ಗಾಜಿನ ನಳಿಗೆಯಲ್ಲಿ ಅಂಗಾಂಶ ಕೃಷಿಯಿಂದ ತಳಿ ಕಾಪಾಡುವ ವಿಧಾನವೂ ಬಳಕೆಯಲ್ಲಿದೆ. ಆದರೆ ಹೊಲದ ಸಂಗ್ರಹಕ್ಕೆ ಕೊಳೆರೋಗ ತಗಲಬಹುದು, ಗುರುತಿನ ಚೀಟಿ ಅದಲುಬದಲಾಗಬಹುದು. ಒಂದೇ ಕಡೆ ಇಡುವುದಕ್ಕಿಂತ ಬೇರೆ ಬೇರೆ ಹವೆಯ ಹಲವು ಕಡೆ ಇಡುವುದೇ ಜಾಣತನ. ಮಲೆನಾಡಿನ ತೇವಕ್ಕೆ ಹೊರತಾದ ಒಣಸೀಮೆಯ ನೀರಾವರಿ ಹೊಲಕ್ಕೆ ಇಲ್ಲಿ ತನ್ನದೇ ಮಹತ್ವವಿದೆ.

ಕಾನೂನಿನ ಬಲವೂ ಇದೆ. ಗಾಯಕ್ಕೆ ಅರಿಷಿಣ ಹಚ್ಚುವ ವಿದ್ಯೆಗೆ ಅಮೆರಿಕದಲ್ಲಿ 1995ರಲ್ಲಿ ಪೇಟೆಂಟ್ ಕೊಟ್ಟಾಗ ನಮ್ಮ ಸಿಎಸ್‌ಐಆರ್ ಹಳೆಯ ಗ್ರಂಥ, ಲೇಖನಗಳನ್ನು ಮುಂದಿಟ್ಟು ವಾದಿಸಿತು. 1997ರಲ್ಲಿ ಪೇಟೆಂಟ್ ರದ್ದಾಯಿತು. ಗೆಲ್ಲಿಸಿದ್ದು ಬರಹದಲ್ಲಿದ್ದ ಸಾಕ್ಷಿ. 2001ರ ಸಸ್ಯತಳಿ ಮತ್ತು ರೈತರ ಹಕ್ಕು ರಕ್ಷಣೆ ಕಾಯ್ದೆ ರೈತರು ಉಳಿಸಿಕೊಂಡ ತಳಿಯನ್ನು ಅವರದೇ ಹೆಸರಿನಲ್ಲಿ ನೋಂದಾಯಿಸಲು ಅವಕಾಶ ಕೊಟ್ಟಿದೆ. 2002ರ ಜೀವವೈವಿಧ್ಯ ಕಾಯ್ದೆಯಂತೆ ಸ್ಥಳೀಯ ಸಂಸ್ಥೆಗಳಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿಯೂ ಜನರೇ ಹೇಳಿ ಬರೆಸಿದ ದಾಖಲೆಪುಸ್ತಕವೂ ಇರಬೇಕು. 2025ರ ಜನವರಿಯಲ್ಲಿ ನಿಜಾಮಾಬಾದಿನಲ್ಲಿ ರಾಷ್ಟ್ರೀಯ ಅರಿಷಿಣ ಮಂಡಳಿ ಶುರುವಾಗಿದೆ. ಅದರ ಗಮನ ರಫ್ತು, ಬೆಲೆಗಳ ಮೇಲಷ್ಟೇ ನಿಲ್ಲದೆ ತಳಿಗಳ ಮೇಲೂ ಹರಿಯಬೇಕು.

ನಮ್ಮ ಜಿಲ್ಲೆಯ ಪಾಲು

ಬಾಗಲಕೋಟೆಯಲ್ಲಿ 2008ರಿಂದ ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯವಿದೆ. ಘಟಪ್ರಭಾ ಸೀಮೆಯ ಅರಭಾವಿಯಲ್ಲಿ ಅದರ ಹಳೆಯ ಕಾಲೇಜಿದೆ. ಜಮಖಂಡಿ-ತೇರದಾಳದ ಹೊಲಗಳಲ್ಲಿ ಇನ್ನೂ ಉಳಿದಿರುವ ಹಳೆಯ ಅರಿಷಿಣ ತಳಿಗಳನ್ನು ರೈತರಿಂದಲೇ ಸಂಗ್ರಹಿಸಿ, ಕೊಟ್ಟವರ ಹೆಸರು, ಊರು, ಗುಣಲಕ್ಷಣ ಬರೆದಿಟ್ಟು, ನೆರೆ ಬಾರದ ನೆಲದಲ್ಲಿ ನೆಟ್ಟು ಕಾಯುವುದು ಈ ವಿಶ್ವವಿದ್ಯಾಲಯಕ್ಕೆ ತಕ್ಕ ಕೆಲಸ. ರೋಗವಿಲ್ಲದ ಬಿತ್ತನೆ ಗಡ್ಡೆ ಜಿಲ್ಲೆಯೊಳಗೇ ಸಿಗುವಂತಾದರೆ ಹೊರಗಿನ ಲಾರಿಯ ಜತೆ ಕಾಯಿಲೆ ಬರುವುದೂ ತಗ್ಗುತ್ತದೆ.

ರೈತರ ಪಾಲು ಇನ್ನೂ ಸುಲಭದ್ದು. ಸೇಲಂ ಬಿಡಬೇಕಿಲ್ಲ. ಹೊಲದ ಒಂದೆರಡು ಸಾಲಿನಲ್ಲಿ ಬೇರೆ ತಳಿ, ಬಾವಿಯ ಪಕ್ಕ ನಾಲ್ಕು ಬುಡ ಮಾವಿನ ಶುಂಠಿ, ಒಂದು ಬುಡ ಕಚೋರ ಇದ್ದರೆ ಸಾಕು. ಪಂಚಾಯಿತಿಯವರು ಆ ಸಾಲುಗಳನ್ನು ದಾಖಲೆಪುಸ್ತಕದಲ್ಲಿ ಬರೆಸಿದರೆ ಮುಂದೆ ಹಕ್ಕಿನ ಪ್ರಶ್ನೆ ಬಂದಾಗ ಅದೇ ಸಾಕ್ಷಿ. ಬಾದಾಮಿಯ ಬನಶಂಕರಿ ಶಾಕಂಬರಿಯಾಗಿ ಪೂಜೆಗೊಳ್ಳುವವಳು. ಬನದ ಹುಣ್ಣಿಮೆಯ ಜಾತ್ರೆಗೆ ಮೊದಲು ಪಲ್ಲೇದ ಹಬ್ಬದಲ್ಲಿ 108 ಬಗೆಯ ಕಾಯಿಪಲ್ಲೆ ಅರ್ಪಿಸುವ ಪದ್ಧತಿ ಇಲ್ಲಿಯದೇ. ಲಕ್ಷಾಂತರ ಜನ ಸೇರುವ ಆ ಜಾತ್ರೆಯಲ್ಲಿ ಸೀಮೆಯ ಗಡ್ಡೆಬೆಳೆಗಳ ತಳಿ ವಿನಿಮಯಕ್ಕೆ ಒಂದು ಜಾಗ ಮಾಡಿಕೊಟ್ಟರೆ ನೂರು ಭಾಷಣಕ್ಕಿಂತ ಹೆಚ್ಚು ಕೆಲಸವಾದೀತು.

ಶುಂಠಿ ಕುಟುಂಬದ ಸಂರಕ್ಷಣೆ ಸಂಸ್ಥೆಗಳಿಗಷ್ಟೇ ಬಿಟ್ಟು ಕೂರುವ ಕೆಲಸವಲ್ಲ. ಈ ಬೆಳೆಗಳನ್ನು ಇಲ್ಲಿಯವರೆಗೆ ತಂದವರು ವರ್ಷ ವರ್ಷವೂ ಗಡ್ಡೆ ಎತ್ತಿಟ್ಟ ರೈತರು ಮತ್ತು ರೈತ ಹೆಣ್ಣುಮಕ್ಕಳು. ಮುಂದಕ್ಕೆ ಒಯ್ಯಬೇಕಾದವರೂ ಅವರೇ. ಅವರ ಹೊಲದಲ್ಲಿ ಆಯ್ಕೆಗಳು ಉಳಿಯುವಂತೆ ನೋಡಿಕೊಳ್ಳುವುದು ವಿಜ್ಞಾನದ ಹೊಣೆ. ಆ ಆಯ್ಕೆಗಳಿಗೆ ಪೇಟೆಯಲ್ಲಿ ಬೆಲೆ ಸಿಗುವಂತೆ ಮಾಡುವುದು ಸರ್ಕಾರದ ಹೊಣೆ. ಹೊಳೆಯ ಮೇಲ್ತುದಿಯ ಕಾಡು ನಮ್ಮದೂ ಹೌದು ಎಂದು ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲಿನವರು ಗಟ್ಟಿಯಾಗಿ ಹೇಳುವುದು ನಮ್ಮೆಲ್ಲರ ಹೊಣೆ.